ಫೇರೋನ ಬಲಗೈ

ಕಾರ್ಕಳ ಪೇಟೆಯಿಂದ ನಾಲ್ಕೈದು ಮೈಲು ಒಳಗೆ, ಕೆಲಸ ನಿಂತು ವರ್ಷಗಳೇ ಆಗಿದ್ದ ಒಂದು ಕರಿಕಲ್ಲಿನ ಕೋರೆಯಲ್ಲಿ ಈಜಿಪ್ಟಿನ ಫೇರೋ ಒಬ್ಬನ ಗೋರಿ ತಯಾರಾಗಿತ್ತು. ಯಂತ್ರ ಕೊಯ್ದುಬಿಟ್ಟ ಬಂಡೆಯ ಗೋಡೆಗೆ ಪ್ಲೈವುಡ್ಡಿನ ಎತ್ತರದ ಬಾಗಿಲು ನಿಲ್ಲಿಸಿ, ಅದಕ್ಕೆ ಮರಳು ಅಂಟಿಸಿ, ನರಿಮುಖದ ಒಬ್ಬ ದೇವರನ್ನೂ ಗಿಡುಗನ ಮುಖದ ಇನ್ನೊಬ್ಬನನ್ನೂ ಬರೆದಿದ್ದರು. ಮೇಲಿನ ರಸ್ತೆಯಲ್ಲಿ ಹೋಗುವ ಬಸ್ಸಿನ ಡ್ರೈವರುಗಳು ಅಲ್ಲಿ ಬಂದಾಗ ಸ್ವಲ್ಪ ನಿಧಾನ ಮಾಡುತ್ತಿದ್ದರು.

ಸುಭಾಷಿಣಿ ಜಲ್ಲಿಯ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ಮಣಿಪಾಲದ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಮಕ್ಕಳು ಕಲಿಯಬೇಕಾದ ಎಲುಬುಗಳನ್ನು ತೊಳೆದು, ಒಣಗಿಸಿ, ತಂತಿ ಪೋಣಿಸಿ, ನಂಬರು ಬರೆದು ಇಡುವುದು ಅವಳ ಕೆಲಸವಾಗಿತ್ತು. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ನಿವೃತ್ತಿಯ ಮೇಲೂ ಬಿಟ್ಟಿರಲಿಲ್ಲ.

"ಬನ್ನಿ ಅಕ್ಕ, ಜಾಗ್ರತೆ," ಎಂದು ನಂದನ ಕೈ ಚಾಚಿದ. ಕಾಪುವಿನ ಹುಡುಗ, ಮೂವತ್ತರ ಆಚೀಚೆ. ಮದುವೆಯ ವಿಡಿಯೋ ಮಾಡಿ ಹೆಸರು ಗಳಿಸಿ ಈಗ ಮೊದಲ ಸಿನಿಮಾಕ್ಕೆ ಕೈಹಾಕಿದ್ದ. ಕಾಲೇಜಿನಲ್ಲಿ ಓದುತ್ತಿದ್ದಾಗ ಅನಾಟಮಿ ಮ್ಯೂಸಿಯಮ್ಮಿನ ಬಗ್ಗೆ ಒಂದು ಸಣ್ಣ ಚಿತ್ರ ಮಾಡಿದ್ದವ. ಸುಭಾಷಿಣಿಯ ಪರಿಚಯ ಆಗಿನದು. ಈ ಸಿನಿಮಾದ ಹೆಸರು, ಇಲ್ಲಿಯ ಹೊಳೆಯನ್ನು ಹಿಡಿದು, 'ಸ್ವರ್ಣೆಗೆ ಬಂದ ಫೇರೋ'.

"ನಾನು ಸಣ್ಣವನಿರುವಾಗಿನಿಂದ ಈ ಗೋರಿಯ ಸಿನಿಮಾ ಒಂದೂ ಬಿಡಲಿಲ್ಲ ಅಕ್ಕ. ಮರಳು, ಪಂಜು, ಶಾಪ, ಒಬ್ಬೊಬ್ಬರೇ ಸಾಯುವುದು. ಎಲ್ಲದರಲ್ಲಿಯೂ ಗೋರಿ ತೆರೆಯುವವರು ಬಿಳಿಯರೇ. ನನ್ನದರಲ್ಲಿ ಕಳ್ಳರು ಫೇರೋನನ್ನು ಹಡಗಿನಲ್ಲಿ ಹಾಕಿ ನಮ್ಮ ಕರಾವಳಿಗೆ ತರುತ್ತಾರೆ. ಎರಡು ಸಾವಿರ ವರ್ಷ ಆದ ಮೇಲೆ ನಮ್ಮವರೇ ತೆರೆಯುತ್ತಾರೆ. ಆದರೆ ಎಂತ ಮಾಡುವುದು, ನಮ್ಮ ಮಮ್ಮಿಯ ಮುಖ ನೋಡಿದರೆ ಯಾರಿಗೂ ಹೆದರಿಕೆ ಆಗುವುದಿಲ್ಲ. ಒಣಗಿದ ಮೈ ಹೇಗೆ ಕಾಣುತ್ತದೆ ಅಂತ ನೀವು ಸ್ವಲ್ಪ ಲಿಯೋನೆಲ್‌ಗೆ ಹೇಳಬೇಕು."

ಲಿಯೋನೆಲ್ ಕಲಾ ನಿರ್ದೇಶಕ. ಕಾರ್ಕಳದವನೇ. ಕ್ರಿಸ್ಮಸ್ಸಿಗೆ ಇಗರ್ಜಿಯಲ್ಲಿ ಯೇಸು ಹುಟ್ಟಿದ ಗೋದಲಿ ಕಟ್ಟಿ, ತುಳು ನಾಟಕಗಳಿಗೆ ಅರಮನೆ ಕಾಡು ಕಟ್ಟಿ ಪಳಗಿದ ಕೈ. ಗೋರಿಯ ಒಳಗೆ, ಬಂಗಾರದ ಬಣ್ಣ ಬಳಿದ ಪೆಟ್ಟಿಗೆಯ ಪಕ್ಕ ನಿಂತಿದ್ದ. ನಂದನ ಪರಿಚಯಿಸಿ, "ಅಕ್ಕ ಅನಾಟಮಿಯಲ್ಲಿ ಇದ್ದವರು," ಎಂದಾಗ ಅವನ ಮುಖದಲ್ಲಿ ಏನೋ ಹಾದುಹೋಯಿತು.

"ಇದೆಲ್ಲ ನನಗೆ ಮೊದಲೇ ಹೇಳಬೇಕಿತ್ತು ನಂದನ," ಎಂದ, ಅಷ್ಟೆ.

ಪೆಟ್ಟಿಗೆಯಲ್ಲಿ ಮಮ್ಮಿ ಮಲಗಿತ್ತು. ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ ಬಟ್ಟೆಯ ಪಟ್ಟಿಗಳನ್ನು ಮೈಗೆಲ್ಲ ಸುತ್ತಿದ್ದರು. ಮುಖಕ್ಕೆ ದಪ್ಪ ರಬ್ಬರ್ ಬಳಿದು ಗೊಂಬೆಯ ಹಾಗೆ ಮಾಡಿದ್ದರು. ಎರಡು ಕೈಗಳು ಮಾತ್ರ ಎದೆಯ ಮೇಲೆ ಹೊರಗಿದ್ದವು. ಎಡಗೈಯ ಬೆರಳುಗಳು ಬೆಂಡೆಕಾಯಿಯ ಹಾಗೆ. ಥರ್ಮೋಕೋಲ್ ಕೆತ್ತಿ ಮಾಡಿದ್ದೆಂದು ದೂರಕ್ಕೇ ತಿಳಿಯುತ್ತಿತ್ತು. ಬಲಗೈ ಹಾಗಿರಲಿಲ್ಲ. ಸುಭಾಷಿಣಿ ಬಗ್ಗಿ ನೋಡಿದಳು.

"ಮುಟ್ಟಬೇಡಿ ಅಕ್ಕ, ಪೇಂಟ್ ಹಸಿ ಉಂಟು," ಎಂದ ಲಿಯೋನೆಲ್.

ಅಷ್ಟರಲ್ಲಿ ಅವಳ ಬೆರಳು ಮುಟ್ಟಿ ಆಗಿತ್ತು. ಪೇಂಟು ಒಣಗಿ ಎಷ್ಟೋ ದಿನವಾಗಿತ್ತು.

ಮುಂಗೈಯ ಎಲುಬಿನ ತುದಿಯಲ್ಲಿ, ಬಣ್ಣ ಹಿಡಿಯದ ಒಂದು ಕಡೆ, ಬ್ರೆಡ್ಡಿನ ಒಳಗಿನಂತೆ ಸಣ್ಣ ಸಣ್ಣ ತೂತುಗಳಿದ್ದವು. ಅಚ್ಚಿನಲ್ಲಿ ಹೊಯ್ದ ಫೈಬರಿಗೆ ಅದು ಬರುವುದಿಲ್ಲ. ಇನ್ನಷ್ಟು ಮೇಲೆ ಎಲುಬು ಸ್ವಲ್ಪ ಸೊಟ್ಟಗೆ ಉಬ್ಬಿಕೊಂಡಿತ್ತು. ಮುರಿದದ್ದು ಕೂಡಿಕೊಂಡ ಗಂಟು. ಬದುಕಿದ್ದಾಗ ಎಲ್ಲೋ ಬಿದ್ದು, ಕೈ ಮುರಿದುಕೊಂಡು, ಸರಿಯಾಗಿ ಕಟ್ಟಿಸಿಕೊಳ್ಳದೆ, ಹಾಗೆಯೇ ವಾಸಿಮಾಡಿಕೊಂಡ ಮನುಷ್ಯನ ಗುರುತು ಅದು. ಮಣಿಕಟ್ಟಿನಲ್ಲಿ ತಂತಿ ಪೋಣಿಸಿದ್ದರು. ಅದರ ಪಕ್ಕ ಬೆರಳಗಲ ಜಾಗವನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿದ್ದರು. ನಂಬರು ಬರೆಯುವುದು ಅಲ್ಲಿಯೇ. ಅವಳೇ ಅಂಥ ಸಾವಿರ ನಂಬರು ಬರೆದಿದ್ದಳು.

"ಇದು ಎಲ್ಲಿಂದ ತಂದದ್ದು?" ಎಂದು ಕೇಳಿದಳು.

"ಮುಂಬೈಯಿಂದ. ಫೈಬರ್."

"ಒಂದೇ ಕೈ ಕೊಟ್ಟರಾ?"

ಲಿಯೋನೆಲ್ ಮಮ್ಮಿಯ ಮೇಲೆ ಒಂದು ಹಳೇ ಬೆಡ್‌ಶೀಟ್ ಎಳೆದ. "ಧೂಳು ಬೀಳುತ್ತದೆ," ಎಂದ.

ಸುಭಾಷಿಣಿ ಮತ್ತೆ ಕೇಳಲಿಲ್ಲ. ಮುಖದ ರಬ್ಬರನ್ನು ತೆಳ್ಳಗೆ ಮಾಡಬೇಕು, ಕೆನ್ನೆ ಒಳಗೆ ಹೋಗಬೇಕು ಎಂದು ನಂದನನಿಗೆ ಎರಡು ಮಾತು ಹೇಳಿ, ಕೊಟ್ಟ ಕಬ್ಬಿನ ಹಾಲನ್ನು ಅರ್ಧ ಕುಡಿದು ಹೊರಟಳು. ಹೋಗುವಾಗ ಗೋರಿಯ ಬಾಗಿಲ ಹಿಂದೆ ಅಂಟಿಸಿದ್ದ ಒಂದು ಕಾಗದ ಕಣ್ಣಿಗೆ ಬಿತ್ತು. ಯಾರ್ಯಾರು ಯಾವ ದಿನ ಬರಬೇಕೆಂಬ ಪಟ್ಟಿ. ಮಧ್ಯದಲ್ಲಿ ಪೆನ್ನಿನಿಂದ ಸೇರಿಸಿದ ಒಂದು ಸಾಲು: ಸುಘೋಷ, ಮಂಗಳವಾರ, ಬೆಳಗ್ಗೆ ಆರು. ಮುಂದೆ ಒಂದು ಫೋನ್ ನಂಬರು. ಆ ನಂಬರಿನ ಕೊನೆಯ ನಾಲ್ಕು ಅಂಕೆ ಅವಳಿಗೆ ಬಾಯಿಪಾಠವಿತ್ತು.

ಸುಘೋಷ ಅವಳ ಕೈಕೆಳಗೆ ಆರು ವರ್ಷ ಕೆಲಸ ಕಲಿತವ. ಈಗ ಅವಳ ಜಾಗದಲ್ಲಿ, ಅವಳ ಕುರ್ಚಿಯಲ್ಲಿ ಕುಳಿತವ. ಸ್ಟೋರಿನ ಕೀಲಿ ಈಗ ಅವನ ಹತ್ತಿರ.

ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತವಳಿಗೆ ನಿವೃತ್ತಿಯ ವಾರದ ಒಂದು ಸಂಗತಿ ಕೊರೆಯತೊಡಗಿತು. ಅಧಿಕಾರ ಒಪ್ಪಿಸುವಾಗ ಸ್ಟೋರಿನಲ್ಲಿ ಅಸ್ಥಿಪಂಜರದ ಒಂದು ಅರ್ಧ ಸೆಟ್ ಕಡಿಮೆ ಬಂದಿತ್ತು. ಅರ್ಧ ಸೆಟ್ ಎಂದರೆ ತಲೆಬುರುಡೆ, ಬೆನ್ನು, ಪಕ್ಕೆಲುಬು, ಒಂದು ಕೈ, ಒಂದು ಕಾಲು. ವಿದ್ಯಾರ್ಥಿಗಳಿಗೆ ಕೊಡುವುದು ಅದನ್ನೇ. ಎರಡು ದಿನ ಹುಡುಕಿ ಸಿಗದೆ, 'ಎಲ್ಲೋ ಕ್ಲಾಸಿಗೆ ಹೋಗಿರುತ್ತದೆ ಅಕ್ಕ, ನಾನು ಹುಡುಕುತ್ತೇನೆ' ಎಂದು ಸುಘೋಷನೇ ಹೇಳಿದ್ದ. ಅವಳು ಎಲ್ಲವೂ ಇದೆ ಎಂದು ಸಹಿ ಹಾಕಿ ಹೋಗಿದ್ದಳು. ಸಹಿ ಅವಳದು. ಫೇರೋನಿಗಿದ್ದದ್ದೂ ಒಂದೇ ಕೈ.

ಎರಡು ದಿನ ಕಳೆದು, ಬುಧವಾರ ಬೆಳಗ್ಗೆ ಅವಳು ಏನೋ ನೆಪ ಹೇಳಿಕೊಂಡು ಕಾಲೇಜಿಗೆ ಹೋದಳು. ಸುಘೋಷ ಮೇಜಿನ ಹಿಂದಿನಿಂದ ಎದ್ದು ನಿಂತ. ತಲೆ ನುಣ್ಣಗೆ ಬೋಳಿಸಿದ್ದ. ಸುಭಾಷಿಣಿ ಒಂದು ಕ್ಷಣ ಬೆಚ್ಚಿಬಿದ್ದಳು.

"ಎಂತ ಆಯ್ತು ಮಾರಾಯ? ಅಪ್ಪ ಹುಷಾರಾಗಿದ್ದಾರಲ್ಲ?"

"ಇದ್ದಾರೆ ಅಕ್ಕ. ತಿರುಪತಿಗೆ ಹೋಗಿದ್ದೆ. ಹರಕೆ ಇತ್ತು." ಅವನು ಎಡಗೈಯಿಂದ ತಲೆ ಸವರಿಕೊಂಡ. ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ.

"ಯಾವಾಗ ಹೋದದ್ದು?"

"ಮೊನ್ನೆ... ಸೋಮವಾರ. ಮಂಗಳವಾರ ರಜೆ ಹಾಕಿದ್ದೆ."

ಸೋಮವಾರ ಹೊರಟು ಬುಧವಾರ ಬೆಳಗ್ಗೆ ಕೆಲಸಕ್ಕೆ ಬರಲು ತಿರುಪತಿಯೇನು ಆದಿ ಉಡುಪಿಯೇ? ಹೊರಗೆ ಬಂದಾಗ ಅಟೆಂಡರ್ ಅಂಗಾರ ಸಿಕ್ಕಿ ತಾನಾಗಿಯೇ ಹೇಳಿದ: "ಸುಘೋಷಣ್ಣ ತಿರುಪತಿಗೆ ಹೋಗಿ ಬಂದರಂತೆ ಅಕ್ಕ. ಆದರೆ ಒಂದು ಲಾಡು ಇಲ್ಲ. ತಿರುಪತಿಗೆ ಹೋದವರು ಲಾಡು ತಾರದೇ ಇರುವುದನ್ನು ನಾನು ಇದೇ ಮೊದಲು ನೋಡುವುದು."

ಸಂಶಯ ಒಮ್ಮೆ ಒಳಗೆ ಬಂದರೆ ಅದಕ್ಕೆ ಕುಳಿತುಕೊಳ್ಳಲು ಯಾರೂ ಮಣೆ ಹಾಕಬೇಕಾಗಿಲ್ಲ. ಆ ಸಂಜೆಯೇ ಸುಭಾಷಿಣಿ ಸುಘೋಷನ ಊರಾದ ಇನ್ನಂಜೆಯ ಬಸ್ಸು ಹತ್ತಿದಳು. ಸುಘೋಷನ ತಾಯಿ ಅವಳಿಗೆ ಅಪರಿಚಿತರಲ್ಲ. ಅವನ ತಮ್ಮನ ಉಪನಯನಕ್ಕೂ ಅಲ್ಲಿ ಉಂಡಿದ್ದಳು. ತಾಯಿ ಗದ್ದೆಯ ಬದುವಿನ ಪಕ್ಕದ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಕಾಫಿ ಆಯಿತು, ಅವಲಕ್ಕಿ ಆಯಿತು.

"ಸುಘೋಷನ ತಲೆ ನೋಡಿ ನನಗೆ ಹೆದರಿಕೆಯೇ ಆಯಿತು," ಎಂದಳು ಸುಭಾಷಿಣಿ, ಹಗುರವಾಗಿ.

"ಅಯ್ಯೋ, ಹೇಳಬೇಡಿ. ಅಪ್ಪ ಇರುವಾಗ ಹೀಗೆ ತಲೆ ಬೋಳಿಸಿಕೊಂಡು ಬರುವುದಾ? ಎಂತದೋ ಚರ್ಮದ ತೊಂದರೆ ಅಂತೆ. ಮಣಿಪಾಲದ ಡಾಕ್ಟರು ಕೂದಲು ತೆಗೆದೇ ಮದ್ದು ಹಚ್ಚಬೇಕು ಅಂತ ಹೇಳಿದರಂತೆ. ಇವರು ನಿನ್ನೆಯಿಂದ ಅವನ ಹತ್ತಿರ ಮಾತಾಡುತ್ತಿಲ್ಲ."

"ಸೋಮವಾರ ರಾತ್ರಿ ಮನೆಯಲ್ಲಿಯೇ ಇದ್ದನಾ?"

"ಮನೆಯಲ್ಲಿಯೇ. ಮಂಗಳವಾರ ಮಾತ್ರ ಕತ್ತಲೆಗೇ ಎದ್ದು ಹೋದ. ಡ್ಯೂಟಿ ಅಂತ."

ಅಲ್ಲಿ ತಿರುಪತಿ, ಇಲ್ಲಿ ಚರ್ಮದ ಡಾಕ್ಟರು. ಕೋರೆಯ ಪಟ್ಟಿಯಲ್ಲಿ ಮಂಗಳವಾರ ಬೆಳಗ್ಗೆ ಆರು. ಸುಭಾಷಿಣಿ ತಲೆಯಲ್ಲಿ ಒಂದೊಂದೇ ಎಲುಬು ಜೋಡಿಸಿದಳು. ಪಂಜರ ತಾನಾಗಿಯೇ ಎದ್ದು ನಿಂತಿತು. ಸುಘೋಷ ಸ್ಟೋರಿನ ಸೆಟ್ಟನ್ನು ಲಿಯೋನೆಲ್‌ಗೆ ಕೊಟ್ಟಿದ್ದಾನೆ. ತಲೆ ಯಾಕೆ ಬೋಳಿಸಿದ ಎಂಬುದು ಮಾತ್ರ ಆ ಪಂಜರದಲ್ಲಿ ಎಲ್ಲಿಯೂ ಕೂರಲಿಲ್ಲ. ಅದನ್ನು ಪಕ್ಕಕ್ಕೆ ಇಟ್ಟಳು. ಏನೋ ಭಯವಾಗಿ ನಿಜವಾಗಿಯೂ ಹರಕೆ ಹೊತ್ತಿರಬೇಕು.

ವಿಭಾಗದ ಮುಖ್ಯಸ್ಥೆ ಡಾಕ್ಟರ್ ಮೇಧಾ. ಸುಭಾಷಿಣಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಒಂದು ಕಾಲದಲ್ಲಿ ಅವಳ ಹತ್ತಿರವೇ ಎಲುಬುಗಳ ಹೆಸರು ಕಲಿತವರು. ಸುಭಾಷಿಣಿ ಅವರಿಗೆ ಫೋನ್ ಮಾಡಿದಳು. ಕಂಡದ್ದನ್ನು ಹೇಳಿದಳು. ಕಂಡದ್ದನ್ನಷ್ಟೇ ಹೇಳಿ ನಿಲ್ಲಿಸಬಹುದಿತ್ತು.

"ಸ್ಟೋರ್ ಒಮ್ಮೆ ನೋಡಿ ಮೇಡಂ," ಎಂದಳು. "ಮತ್ತೆ ಸುಘೋಷ ಮಂಗಳವಾರ ಎಲ್ಲಿ ಹೋದ ಅಂತ ಕೇಳಿ. ತಿರುಪತಿ ಅಂತೂ ಅಲ್ಲ."

ಶುಕ್ರವಾರ ಮಧ್ಯಾಹ್ನ ಸ್ಟೋರ್ ತೆರೆಸಿದರು. ಇಬ್ಬರು ಪ್ರೊಫೆಸರರು, ಅಂಗಾರ, ಬಾಗಿಲ ಹೊರಗೆ ಕುತೂಹಲದ ಒಂದಷ್ಟು ವಿದ್ಯಾರ್ಥಿಗಳು. ಸುಘೋಷ ಒಂದೊಂದೇ ಪೆಟ್ಟಿಗೆ ಇಳಿಸಿ, ನಂಬರು ಓದಿ, ಮೇಜಿನ ಮೇಲೆ ಇಟ್ಟನಂತೆ. ಮೂರು ಗಂಟೆ ಹಿಡಿಯಿತಂತೆ. ಸಂಜೆ ಮೇಧಾ ಫೋನ್ ಮಾಡಿದರು.

"ಎಲ್ಲವೂ ಉಂಟು ಅಕ್ಕ. ಒಂದೂ ಕಡಿಮೆ ಇಲ್ಲ."

"ನಾನು ರಿಟೈರ್ ಆಗುವಾಗ ಒಂದು ಅರ್ಧ ಸೆಟ್ ಇರಲಿಲ್ಲವಲ್ಲ?"

"ಅದು ಹೋದ ವರ್ಷ ಫಿಸಿಯೋಥೆರಪಿಯವರ ಬೀರುವಿನಲ್ಲಿ ಸಿಕ್ಕಿತು. ಸುಘೋಷನೇ ಹುಡುಕಿ ತಂದದ್ದು. ನಿಮಗೆ ಹೇಳಲಿಲ್ಲವಾ?"

ಸುಭಾಷಿಣಿಗೆ ನೆನಪಾಯಿತು. ಹೋದ ಜೂನಿನಲ್ಲಿ ಅವನ ಫೋನ್ ಬಂದಿತ್ತು. ತಂಗಿಯ ಮಗಳ ಮದುವೆಯ ಗದ್ದಲದಲ್ಲಿ 'ಮತ್ತೆ ಮಾಡುತ್ತೇನೆ' ಎಂದು ಇಟ್ಟಿದ್ದಳು. ಮತ್ತೆ ಮಾಡಲೇ ಇಲ್ಲ.

"ಮಂಗಳವಾರ ಎಲ್ಲಿ ಹೋಗಿದ್ದನಂತೆ?" ಸ್ವರ ತನ್ನದೇ ಆದರೂ ಅವಳಿಗೆ ಅದು ಹಿಡಿಸಲಿಲ್ಲ.

"ಕೇಳಿದೆ. 'ಅದು ನನ್ನ ಸ್ವಂತ ವಿಷಯ' ಅಂದ. ಮತ್ತೆ ಒತ್ತಾಯ ಮಾಡಲಿಲ್ಲ. ನಾನು ನಿಮ್ಮ ಹೆಸರು ಹೇಳಲಿಲ್ಲ. ಆದರೆ ಅವನು ಸಣ್ಣ ಮಗು ಅಲ್ಲವಲ್ಲ ಅಕ್ಕ. ಬುಧವಾರ ನೀವು ಬಂದಿರಿ, ಶುಕ್ರವಾರ ಸ್ಟೋರ್ ತೆರೆಸಿದೆವು."

ಆ ಎಲುಬು ಮನುಷ್ಯನದೇ ಎಂಬುದರಲ್ಲಿ ಸುಭಾಷಿಣಿಗೆ ಈಗಲೂ ಅನುಮಾನವಿರಲಿಲ್ಲ. ಕಾಲೇಜಿನದಲ್ಲ ಎಂದಾದರೆ ಯಾರದು? ಯಾವ ಸ್ಮಶಾನದ್ದು? ಭಾನುವಾರ ಅವಳು ಮತ್ತೆ ಕಾರ್ಕಳಕ್ಕೆ ಹೋದಳು. ಈ ಸಲ ಯಾರೂ ಕರೆದಿರಲಿಲ್ಲ.

ಕೋರೆಯಲ್ಲಿ ಶೂಟಿಂಗ್ ನಡೆಯುತ್ತಿತ್ತು. ನಂದನ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದ್ದರಿಂದ ಅವಳು ಕ್ಯಾಮೆರಾದ ಹಿಂದೆ ಗೋಡೆಗೆ ಒರಗಿ ನಿಂತಳು. ಪಂಜುಗಳು ಉರಿಯುತ್ತಿದ್ದವು. ಬಿಳಿ ಪಂಚೆಯುಟ್ಟು, ಎದೆಯ ಮೇಲೆ ಅಗಲವಾದ ಬಣ್ಣದ ಹಾರ ಹಾಕಿದ ಎಂಟು ಜನ ಈಜಿಪ್ಟಿನ ಪುರೋಹಿತರು ಬಂಗಾರದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಧಾನಕ್ಕೆ ಒಳಗೆ ಬಂದರು. ಕಣ್ಣಿಗೆ ಕಪ್ಪು ತೀಡಿದ್ದರು. ಎಂಟು ತಲೆಗಳೂ ನುಣ್ಣಗೆ ಹೊಳೆಯುತ್ತಿದ್ದವು.

ಮುಂದಿನ ಎಡಗಡೆಯವ ಸುಘೋಷ.

ಅವನೂ ಅವಳನ್ನು ಕಂಡ. ಕಂಡರೂ ಹೆಜ್ಜೆ ತಪ್ಪಲಿಲ್ಲ. ಪೆಟ್ಟಿಗೆ ಇಳಿಸಿ, ಎರಡು ಕೈ ಮೇಲೆತ್ತಿ, ಯಾವುದೋ ಭಾಷೆಯಲ್ಲಿ ಮಂತ್ರದ ಹಾಗೆ ಏನನ್ನೋ ಹೇಳಿದ. ಒಳ್ಳೆಯ ಕಂಠ. ಅವಳಿಗೆ ಅದು ಗೊತ್ತೇ ಇರಲಿಲ್ಲ, ಆರು ವರ್ಷ ಒಟ್ಟಿಗೆ ಕೆಲಸ ಮಾಡಿಯೂ. ನಂದನ "ಕಟ್" ಎಂದ ಮೇಲೆ ಸುಘೋಷ ನೇರ ಅವಳ ಹತ್ತಿರ ಬಂದು ನಿಂತ.

"ಇದಕ್ಕೆ ತಲೆ ಬೋಳಿಸಿದ್ದು," ಎಂದ. "ಸಿನಿಮಾಕ್ಕೆ ಅಂತ ಹೇಳಿದರೆ ಅಪ್ಪ ಮನೆಗೆ ಸೇರಿಸುತ್ತಿರಲಿಲ್ಲ. ಡಿಪಾರ್ಟ್‌ಮೆಂಟಿನಲ್ಲಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ಈಗ ನಗುವುದಿಲ್ಲ. ಈಗ ಕಳ್ಳ ಅಂತ ನೋಡುತ್ತಾರೆ."

"ಸುಘೋಷ, ನಾನು..."

"ನನ್ನ ಹತ್ತಿರವೇ ಕೇಳಬಹುದಿತ್ತು."

ಅವನು ತಿರುಗಿ ಉಳಿದ ಪುರೋಹಿತರ ಕಡೆಗೆ ಹೋದ. ಸುಭಾಷಿಣಿ ಅವನ ಹಿಂದೆ ಹೋಗಲಿಲ್ಲ. ಆದರೆ ಬಂದ ಕೆಲಸ ಹಾಗೆಯೇ ಇತ್ತು. ಅವಳು ಲಿಯೋನೆಲ್‌ನನ್ನು ಹುಡುಕಿಕೊಂಡು ಹೋಗಿ, ಪೇಂಟಿನ ಡಬ್ಬಿಗಳ ನಡುವೆ ಅವನ ಎದುರು ಸ್ಟೂಲಿನಲ್ಲಿ ಕುಳಿತಳು.

"ಮುಂಬೈಯ ಫೈಬರಿಗೆ ಕೈ ಮುರಿದು ಕೂಡಿಕೊಳ್ಳುವುದಿಲ್ಲ ಲಿಯೋನೆಲ್. ಇವತ್ತು ನೀವು ಹೇಳದಿದ್ದರೆ ನಾನು ಸ್ಟೇಷನ್ನಿಗೆ ಹೋಗುತ್ತೇನೆ."

ಲಿಯೋನೆಲ್ ತೊಳೆಯುತ್ತಿದ್ದ ಬ್ರಷ್ಷನ್ನು ಡಬ್ಬಿಯಲ್ಲಿ ಇಟ್ಟ.

"ಕದ್ದದ್ದಲ್ಲ ಅಕ್ಕ," ಎಂದ. "ಕಾಪುವಿನಲ್ಲಿ ಒಬ್ಬರು ಹಳೇ ಡಾಕ್ಟರ ಮನೆ ಖಾಲಿ ಮಾಡುತ್ತಿದ್ದರು. ನಾನು ಸೆಟ್ಟಿಗೆ ಅಂತ ಹಳೇ ಪೆಟ್ಟಿಗೆ, ದೀಪ ಎಲ್ಲ ತೆಗೆದುಕೊಳ್ಳಲಿಕ್ಕೆ ಹೋದದ್ದು. ಒಂದು ಮರದ ಪೆಟ್ಟಿಗೆ ತೆರೆದರೆ ತಲೆಬುರುಡೆ ಸಮೇತ ಇದು. ಮನೆಯವರು 'ಇದನ್ನೂ ಕೊಂಡುಹೋಗು' ಅಂತ ಹೇಳಿದರು. ಡಾಕ್ಟರರ ಹೆಸರು ಬರೆದಿತ್ತು, ಅದನ್ನು ಉಜ್ಜಿದೆ. ನಂದನನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನನಗೂ ರಾತ್ರಿ ಸರಿ ನಿದ್ರೆ ಬರುವುದಿಲ್ಲ, ಬೇಕಾದರೆ ಕೇಳಿ ನನ್ನ ಹೆಂಡತಿಯ ಹತ್ತಿರ."

ಈ ವಾರದಲ್ಲಿ ಎರಡು ಸುಳ್ಳು ಕೇಳಿದ್ದ ಸುಭಾಷಿಣಿ ಇದನ್ನೂ ಸುಲಭಕ್ಕೆ ನಂಬಲಿಲ್ಲ. ವಿಳಾಸ ಬರೆಸಿಕೊಂಡಳು. ಅಲ್ಲಿಂದಲೇ ಬಸ್ಸು ಹಿಡಿದು, ಉಡುಪಿಯಲ್ಲಿ ಬದಲಿಸಿ, ಬಿಸಿಲು ಇಳಿಯುವ ಹೊತ್ತಿಗೆ ಕಾಪು ತಲುಪಿದಳು.

ಡಾಕ್ಟರರ ಮನೆ ಲೈಟ್‌ಹೌಸಿನ ರಸ್ತೆಯಲ್ಲಿತ್ತು. ಬಾಗಿಲು ತೆರೆದದ್ದು ಅವರ ಮಗಳು ವಿಲ್ಮಾ, ಐವತ್ತೈದರ ಹೆಂಗಸು, ಊರವರಿಗೆ ವಿಲ್ಮಾ ಬಾಯಿ. ಮನೆ ಅರ್ಧ ಖಾಲಿಯಾಗಿತ್ತು. ಇದ್ದದ್ದು ಎರಡು ಕುರ್ಚಿ, ಒಂದಷ್ಟು ಕಟ್ಟಿಟ್ಟ ಪುಸ್ತಕ. ಸುಭಾಷಿಣಿ ತಾನು ಯಾರೆಂದು ಹೇಳಿ, ಬಂದ ಕಾರಣವನ್ನು ಈ ಸಲ ಸುತ್ತುಬಳಸದೆ ಹೇಳಿದಳು.

ವಿಲ್ಮಾ ಬಾಯಿಗೆ ಆಶ್ಚರ್ಯವಾಗಲಿಲ್ಲ. "ಒಂದು ದಿನ ಯಾರಾದರೂ ಕೇಳಿಕೊಂಡು ಬರುತ್ತಾರೆ ಅಂತ ಗೊತ್ತಿತ್ತು," ಎಂದರು. ಒಳಗೆ ಹೋಗಿ ಒಂದು ಮಾಸಿದ ರಶೀದಿ ತಂದರು. ತಂದೆ ಮೆಡಿಕಲ್ ಓದುವಾಗ, ಅರುವತ್ತರ ದಶಕದಲ್ಲಿ, ಕಲ್ಕತ್ತಾದಿಂದ ತರಿಸಿದ್ದು. ಆಗ ಎಲ್ಲ ವಿದ್ಯಾರ್ಥಿಗಳೂ ಹಾಗೆ ಕೊಳ್ಳುತ್ತಿದ್ದರೆಂದು ಸುಭಾಷಿಣಿಗೂ ಗೊತ್ತಿತ್ತು. ರಶೀದಿಯಲ್ಲಿ ಬರೆದದ್ದು ಇಷ್ಟೇ: ಅರ್ಧ ಸೆಟ್, ಗಂಡು, ಒಂದು.

"ಪಪ್ಪ ಅದನ್ನು ಮೇಷ್ಟ್ರು ಅಂತ ಕರೆಯುತ್ತಿದ್ದರು. ಮಂಚದ ಅಡಿಯಲ್ಲಿ ಇರುತ್ತಿತ್ತು. ನನಗೆ ಕಲಿಸಿದವರು ಇವರೇ ಅಂತ ಹೇಳುತ್ತಿದ್ದರು. ನಾನು ಸಣ್ಣವಳಿರುವಾಗ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಪಪ್ಪ ಸತ್ತ ಮೇಲೆ ಇಗರ್ಜಿಯ ಫಾದರ್ ಹತ್ತಿರ ಕೇಳಿದೆ, ಅಲ್ಲಿಯ ಸಿಮಿತ್ರಿಯಲ್ಲಿ ಹೂಳಬಹುದಾ ಅಂತ. ಯಾರು, ಯಾವ ಜಾತಿ ಅಂತ ಗೊತ್ತಿಲ್ಲದೆ ಹೇಗೆ ಅಂದರು. ಅದೂ ಸರಿಯೇ. ಮತ್ತೆ ಲಿಯೋನೆಲ್ ಬಂದಾಗ ಕೊಟ್ಟುಬಿಟ್ಟೆ." ಅವರು ರಶೀದಿಯನ್ನು ಮಡಚಿದರು. "ಸಿನಿಮಾದಲ್ಲಿ ಎಂತ ಮಾಡಿದ್ದಾರೆ ಅದನ್ನು?"

"ರಾಜ," ಎಂದಳು ಸುಭಾಷಿಣಿ.

ವಿಲ್ಮಾ ಬಾಯಿ ರಶೀದಿಯನ್ನು ಅವಳ ಕೈಗೆ ಕೊಟ್ಟರು. ಕಿಟಕಿಯಿಂದ ಸಮುದ್ರದ ಕಡೆ ನೋಡಿದರು.

ಹಿಂದಿರುಗುವ ಬಸ್ಸಿನಲ್ಲಿ ಸುಭಾಷಿಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೋರಿ ಕದ್ದವರ ಕತೆಗಳಲ್ಲಿ ಕದಿಯಲು ಬಂಗಾರವಾದರೂ ಇರುತ್ತದೆ. ಈ ಮನುಷ್ಯನ ಹತ್ತಿರ ಅದೂ ಇರಲಿಲ್ಲ. ಕೈ ಮುರಿದಾಗ ಕಟ್ಟಿಸಿಕೊಳ್ಳಲು ಗತಿಯಿಲ್ಲದವ. ಸತ್ತ ಮೇಲೆ ಯಾವುದೋ ಗಂಗೆಯ ದಡದಿಂದಲೋ ಆಸ್ಪತ್ರೆಯ ಮೂಲೆಯಿಂದಲೋ ಎತ್ತಿಕೊಂಡು ಹೋಗಿ, ಕುದಿಸಿ, ತಂತಿ ಪೋಣಿಸಿ, ರೈಲಿನಲ್ಲಿ ಕಳುಹಿಸಿದರು. ಅಂಥವರ ಎಲುಬುಗಳನ್ನೇ ತಾನು ಮೂವತ್ತೊಂದು ವರ್ಷ ತೊಳೆದದ್ದು. ಆಗ ಈ ಪ್ರಶ್ನೆ ಯಾಕೆ ಬರಲಿಲ್ಲ?

ಸೋಮವಾರ ಅವಳು ನಂದನನನ್ನು ಕೂರಿಸಿ ಎಲ್ಲ ಹೇಳಿದಳು. ಲಿಯೋನೆಲ್ ನೆಲ ನೋಡುತ್ತಿದ್ದ.

"ಇನ್ನು ಎರಡು ಸೀನ್ ಬಾಕಿ ಉಂಟು ಅಕ್ಕ. ಆ ಕೈ ಪೆಟ್ಟಿಗೆಯಿಂದ ಮೇಲೆ ಏಳುವುದೇ ಕ್ಲೈಮ್ಯಾಕ್ಸ್. ಅದು ಮುಗಿದ ಮೇಲೆ..." ಎಂದು ನಂದನ ಶುರುಮಾಡಿ ತಾನೇ ನಿಲ್ಲಿಸಿದ. "ಇಲ್ಲ. ಬೇಡ. ತೆಗೆದುಬಿಡಿ."

"ತೆಗೆದದ್ದಕ್ಕೆ ಬದಲು ನಾನು ಮಾಡಿಕೊಡುತ್ತೇನೆ," ಎಂದಳು ಸುಭಾಷಿಣಿ. "ನಾಲ್ಕು ದಿನ ಬೇಕು."

ಅವಳು ಆದಿ ಉಡುಪಿಯ ತನ್ನ ಮನೆಯ ಊಟದ ಮೇಜಿನ ಮೇಲೆ ಪ್ಲಾಸ್ಟರ್ ಕಲಸಿ, ತಂತಿ ಬಗ್ಗಿಸಿ, ಹತ್ತಿ ಮತ್ತು ಅಂಟು ಹಚ್ಚಿ, ಒಂದು ತಲೆ, ಎರಡು ಕೈ ಮಾಡಿದಳು. ಎರಡೂ ನೆಟ್ಟಗಿನ ಕೈಗಳು. ಲಿಯೋನೆಲ್ ದಿನಾ ಬಂದು ಬಣ್ಣ ಹಚ್ಚಿಕೊಟ್ಟ. ಮಾತು ಕಡಿಮೆ ಆಡಿದ. ಮಮ್ಮಿಯ ಬಟ್ಟೆ ಬಿಚ್ಚುವಾಗ ಮಾತ್ರ ಅವನೇ ಮುಂದೆ ಬಂದು, ಒಂದೊಂದೇ ಪಟ್ಟಿ ಸುತ್ತು ತಪ್ಪದ ಹಾಗೆ ಬಿಡಿಸಿ, ತಲೆಬುರುಡೆಯಿಂದ ರಬ್ಬರನ್ನು ಬೆರಳುಗಳಿಂದಲೇ ಸುಲಿದ.

ಎಲುಬುಗಳಿದ್ದ ಮರದ ಪೆಟ್ಟಿಗೆಯನ್ನು ಮಣಿಪಾಲಕ್ಕೆ ತಂದದ್ದು ಗುರುವಾರ. ಮೇಧಾ ಮೊದಲೇ ಪೊಲೀಸ್ ಸ್ಟೇಷನ್ನಿಗೆ ಪತ್ರ ಬರೆದು, ರಶೀದಿಯ ಪ್ರತಿ ಕಳುಹಿಸಿ, ದಾನವಾಗಿ ಬಂದ ದೇಹಗಳ ಜೊತೆ ಸ್ವೀಕರಿಸಲು ಒಪ್ಪಿಗೆ ಪಡೆದಿದ್ದರು. ಸ್ವೀಕರಿಸುವ ಮೇಜಿನ ಹಿಂದೆ ಕುಳಿತಿದ್ದವ ಸುಘೋಷ. ತಲೆಯ ಮೇಲೆ ಕೂದಲು ಕಪ್ಪಗೆ ಚಿಗುರಿತ್ತು.

ಅವನು ಕಾಗದ ಎಳೆದುಕೊಂಡು ಕೇಳತೊಡಗಿದ.

"ಹೆಸರು?"

"ಗೊತ್ತಿಲ್ಲ."

"ವಯಸ್ಸು?"

"ಮೂವತ್ತೈದರ ಆಚೀಚೆ. ಹಲ್ಲು ನೋಡಿ ಹೇಳುತ್ತಿದ್ದೇನೆ."

"ಕೊಟ್ಟವರು?"

"ಕಾಪುವಿನ ವಿಲ್ಮಾ ಬಾಯಿ. ತಂದವಳು ನಾನು."

ಅವನು ಬರೆದ. ನಂತರ ಪೆಟ್ಟಿಗೆ ತೆರೆದು ಪ್ರತಿಯೊಂದನ್ನೂ ಎತ್ತಿ ನೋಡಿದ. ಮುಂಗೈಯ ಎಲುಬು ಕೈಗೆ ಬಂದಾಗ ಗಂಟಿನ ಮೇಲೆ ಹೆಬ್ಬೆರಳು ಆಡಿಸಿದ. ಅವಳು ಕಲಿಸಿದ್ದ ರೀತಿಯೇ ಅದು.

"ಕೆಟ್ಟದಾಗಿ ಮುರಿದಿತ್ತು," ಎಂದ.

"ಹೌದು." ಅವಳು ಕಾದಳು. ಅವನು ಎಲುಬನ್ನು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟ. "ಸುಘೋಷ, ನಾನು ಮಾಡಿದ್ದು ತಪ್ಪು. ಆ ಸೆಟ್ ಕಾಣದಾದಾಗ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಇನ್ನೊಬ್ಬಳು ನಾನು. ನನ್ನ ಸಹಿಗೆ ಹೆದರಿ ನಿನ್ನ ಮೇಲೆ ಹಾಕಿದೆ. ಎಲ್ಲರ ಎದುರು ಹೇಳಬೇಕಾದರೆ ಹೇಳುತ್ತೇನೆ."

"ಹೇಳಿ," ಎಂದ ಅವನು. "ಅಂಗಾರನ ಎದುರು ಹೇಳಿದರೆ ಸಾಕು. ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ."

ಅವಳು ಅಂದೇ ಹೇಳಿದಳು. ಮೇಧಾರ ಕೋಣೆಯಲ್ಲಿ, ಅಂದು ಸ್ಟೋರಿನಲ್ಲಿದ್ದ ಇಬ್ಬರು ಪ್ರೊಫೆಸರರನ್ನೂ ಅಂಗಾರನನ್ನೂ ಕರೆಸಿ, ನಿಂತುಕೊಂಡೇ ಹೇಳಿದಳು. ಅಷ್ಟು ಉದ್ದದ ಮೂರು ನಿಮಿಷವನ್ನು ಅವಳು ತನ್ನ ಕೆಲಸದ ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಅಂಗಾರ ಮಾತ್ರ ಕೊನೆಯಲ್ಲಿ ಮೆಲ್ಲಗೆ, "ಹಾಗಾದರೆ ಲಾಡು ಇಲ್ಲದ್ದಕ್ಕೆ ಕಾರಣ ಉಂಟು," ಎಂದ.

ಮಾರ್ಚಿನಲ್ಲಿ ದೇಹದಾನಿಗಳ ನೆನಪಿಗೆ ವರ್ಷಕ್ಕೊಮ್ಮೆ ನಡೆಯುವ ಪ್ರಾರ್ಥನೆ ಇತ್ತು. ಮೊದಲ ವರ್ಷದ ವಿದ್ಯಾರ್ಥಿಗಳು ಬಿಳಿ ಕೋಟು ಹಾಕಿ ಸಾಲಾಗಿ ನಿಂತರು. ದಾನಿಗಳ ಮನೆಯವರು ಬಂದಿದ್ದರು. ವಿಲ್ಮಾ ಬಾಯಿಯೂ ಬಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಸುಘೋಷ ಮೈಕಿನ ಎದುರು ನಿಂತು ಹೆಸರುಗಳನ್ನು ಓದಿದ. ಹದಿನಾಲ್ಕು ಹೆಸರು. ಆಮೇಲೆ ಸ್ವಲ್ಪ ನಿಲ್ಲಿಸಿ, "ಹೆಸರು ತಿಳಿಯದ ಒಬ್ಬರು, ಡಾಕ್ಟರೊಬ್ಬರಿಗೆ ಮೇಷ್ಟ್ರಾಗಿದ್ದವರು," ಎಂದ. ಮಕ್ಕಳು ಹೂವು ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಅವನು ಎರಡು ಲೋಟ ಕಾಫಿ ಹಿಡಿದುಕೊಂಡು ಸುಭಾಷಿಣಿ ಕುಳಿತಲ್ಲಿಗೆ ಬಂದ. ಒಂದನ್ನು ಅವಳ ಮುಂದೆ ಇಟ್ಟು, ಕುಳಿತುಕೊಳ್ಳದೆ ನಿಂತ.

"ಸಿನಿಮಾ ಮುಂದಿನ ಶುಕ್ರವಾರ ಬಿಡುಗಡೆ. ಪೋಸ್ಟರಿನಲ್ಲಿ ನನ್ನ ಮುಖ ಉಂಟು, ಹಿಂದೆ. ಇನ್ನಂಜೆಯ ಬಸ್‌ಸ್ಟ್ಯಾಂಡಿನಲ್ಲಿಯೂ ಅಂಟಿಸುತ್ತಾರಂತೆ."

"ಅಮ್ಮನಿಗೆ ಹೇಳಿದ್ದೀಯಾ?"

"ಇಲ್ಲ. ಚರ್ಮದ ಡಾಕ್ಟರ ಕತೆಯಲ್ಲಿಯೇ ಇದ್ದಾರೆ. ಅವರಿಗೆ ನೀವೇ ಹೇಳಬೇಕು. ಅಪ್ಪನಿಗೆ ಅವರು ಹೇಳುತ್ತಾರೆ."

"ನಾನಾ?"

"ಆವತ್ತು ಅಲ್ಲಿ ಹೋಗಿ ಕಾಫಿ ಕುಡಿದು ಎಲ್ಲ ಕೇಳಿಕೊಂಡು ಬಂದಿರಲ್ಲ," ಎಂದ ಸುಘೋಷ. ತುಟಿಯ ಒಂದು ಬದಿ ಸ್ವಲ್ಪ ಮೇಲೆ ಹೋಗಿತ್ತೋ ಇಲ್ಲವೋ, ಅವಳಿಗೆ ಖಚಿತವಾಗಲಿಲ್ಲ. "ಈಗ ಹೋಗಿ ಹೇಳಿ ಬನ್ನಿ."

ಸುಭಾಷಿಣಿ ಕಾಫಿ ಮುಗಿಸಿದಳು. ಮಧ್ಯಾಹ್ನದ ಎರಡೂವರೆಗೆ ಒಂದು ಬಸ್ಸಿತ್ತು. ದಾರಿಯಲ್ಲಿ ಅವಳು ತಾಯಿಗೆ ಹೇಳಬೇಕಾದ ಮಾತನ್ನು ಮೂರು ಸಲ ಮನಸ್ಸಿನಲ್ಲಿ ಶುರುಮಾಡಿ ಮೂರು ಸಲವೂ ಅಳಿಸಿದಳು. ಜಗಲಿಗೆ ಹತ್ತುವಾಗ ಏನೂ ತಯಾರಿರಲಿಲ್ಲ. "ನಿಮ್ಮ ಮಗನ ಕಂಠ ಎಷ್ಟು ಒಳ್ಳೆಯದು ಅಂತ ನಿಮಗೆ ಗೊತ್ತುಂಟಾ?" ಎಂದು ಅಲ್ಲಿಂದಲೇ ಆರಂಭಿಸಿದಳು.